ಈಲ್ಸ್‌ವಿತ್‌ಳ ಮಕ್ಕಳು, ಕಾಮಾಕ್ಷಿಯ ಮಕ್ಕಳು

ನ್ಯೂಜಿಲೆಂಡಿನ ಪಾಮರ್ಸ್ಟನ್ ನಾರ್ತ್‌ನಲ್ಲಿ ಯಾರಾದರೂ "ಎಷ್ಟು ಮಕ್ಕಳು ಆಂಟಿ?" ಎಂದರೆ ಕಾಮಾಕ್ಷಿ ಥಟ್ಟನೆ "ಒಬ್ಬಳೇ, ಲಾಸ್ಯಾ" ಎನ್ನುತ್ತಿದ್ದಳು. ಹಾಗೆಂದ ದಿನವೆಲ್ಲ ಹಿಂದಿನ ಕೋಣೆಯಲ್ಲಿ ಕೂಸೊಂದು ನರಳಿದಂತೆ ಕೇಳುತ್ತಿತ್ತು. ಗಾಳಿಯಿರಬಹುದು, ಆ ಊರಲ್ಲಿ ಗಾಳಿಗೇನು ಬರವೇ? ಆದರೆ ಗಾಳಿ ಹಾಗೆ ಉಸಿರು ಕಟ್ಟಿ ಕಟ್ಟಿ ಅಳುವುದಿಲ್ಲ.

ಮೈಸೂರಿನ ಹೆಣ್ಣು. ಗಂಡನ ಕೆಲಸದ ಬೆನ್ನಿಗೆ ಬಂದು, ಯೂನಿವರ್ಸಿಟಿ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುತ್ತ ಹನ್ನೆರಡು ವರ್ಷ ಸವೆಸಿದವಳು. ಗಂಡ ಚಂದ್ರಹಾಸ ತೀರಿಕೊಂಡ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ಇತಿಹಾಸದ ಡಿಗ್ರಿಗೆ ಸೇರಿದಳು. ಪರಿಚಯದವರು ಮುಸಿಮುಸಿ ನಕ್ಕರು. ನಗಲಿ ಬಿಡಿ, ಅವರಪ್ಪನ ಮನೆ ಗಂಟೇನು ಹೋಗಬೇಕು?

೨೦೧೪ರಲ್ಲಿ ಅವಳಿಗೆ ಬರೆಯಲು ಸಿಕ್ಕ ಪ್ರಬಂಧದ ವಿಷಯ ಈಲ್ಸ್‌ವಿತ್. ಸಾವಿರದ ನೂರು ವರ್ಷಗಳ ಹಿಂದಿನ ಇಂಗ್ಲೆಂಡಿನ ಆಲ್ಫ್ರೆಡ್ ದೊರೆಯ ಹೆಂಡತಿ. ದೊರೆಯ ಹೆಂಡತಿಯಾದರೂ ಆ ಸೀಮೆಯ ರೂಢಿಯಂತೆ ಅವಳನ್ನು ರಾಣಿ ಎನ್ನುವಂತಿರಲಿಲ್ಲ. ದೊರೆಯ ಚರಿತ್ರೆ ಬರೆದ ಪಾದ್ರಿ ಅವಳ ತಾಯಿಯ ಹೆಸರು ಬರೆದಿದ್ದಾನೆ, ಅವಳದ್ದು ಬರೆದಿಲ್ಲ! ಐದು ಮಕ್ಕಳ ಹೆಸರು ಕೊಟ್ಟು, ಎಳೆತನದಲ್ಲೇ ಸತ್ತವರನ್ನು ಬಿಟ್ಟು ಇಷ್ಟು ಜನ ಎಂದು ಕೈ ತೊಳೆದುಕೊಂಡಿದ್ದಾನೆ.

ಆ ಸಾಲಿನ ಮೇಲೆ ಬೆರಳಿಟ್ಟು ಕಾಮಾಕ್ಷಿ ಮತ್ತೆ ಮತ್ತೆ ಓದಿದಳು. ಲಾಸ್ಯಾಗಿಂತ ಮೊದಲು ಅವಳಿಗೊಂದು ಹೆಣ್ಣು ಕೂಸು ಹುಟ್ಟಿತ್ತು. ಹಾಲು ಕುಡಿಯುವಾಗ ತುಟಿ ನೀಲಿಗಟ್ಟುತ್ತಿತ್ತು. ಹೃದಯದಲ್ಲೇ ದೋಷ ಎಂದಿದ್ದರು ಡಾಕ್ಟರು. ಹನ್ನೊಂದನೇ ದಿನ ನಾಮಕರಣ, ಒಂಬತ್ತನೇ ದಿನ ಹೋಯಿತು. "ಹೆಸರಿಡದ ಕೂಸು ಲೆಕ್ಕಕ್ಕಿಲ್ಲ. ಮಾತೆತ್ತಬೇಡ, ಎತ್ತಿದ್ರೆ ಮುಂದಿನ ಕೂಸಿನ ಬೆನ್ನು ಹತ್ತುತ್ತೆ" ಎಂದು ಅಪ್ಪಣೆ ಕೊಡಿಸಿದವಳು ಮಹಾತಾಯಿ ಅತ್ತೆ. ಚಂದ್ರಹಾಸ ಸಾಯುವ ತನಕ ತುಟಿಪಿಟಕ್ಕೆನ್ನಲಿಲ್ಲ. ಕಾಮಾಕ್ಷಿಯೂ ನುಂಗಿಕೊಂಡಳು.

ಪ್ರಬಂಧ ಬರೆಯುತ್ತಿದ್ದ ದಿನಗಳಲ್ಲೇ ಒಂದು ಶನಿವಾರ ಬೆಳಗ್ಗೆ ಲಾಸ್ಯಾ ಬಂದಳು. ಮೂರು ತಿಂಗಳ ಬಸುರಿ. ಊಟದ ಮೇಜಿನ ಮೇಲೆ ಅಮ್ಮನ ಪುಸ್ತಕಗಳನ್ನು ಸರಿಸಿ, ಹೆರಿಗೆ ನೋಡಿಕೊಳ್ಳುವ ಮಿಡ್‌ವೈಫ್ ಕೊಟ್ಟ ಫಾರಂ ಹರಡಿದಳು.

"ಫ್ಯಾಮಿಲಿಯಲ್ಲಿ ಹಾರ್ಟ್ ಪ್ರಾಬ್ಲಮ್, ಬೇಬಿ ಡೆತ್... ಏನೂ ಇಲ್ಲ ಅಲ್ವಾ ಅಮ್ಮ? ನೋ ಅಂತ ಟಿಕ್ ಮಾಡ್ತೀನಿ."

ಹೇಳಿದರೆ ಆ ಕೂಸು ಈ ಕೂಸಿನ ಬೆನ್ನು ಹತ್ತಬಹುದು. ಹೇಳದಿದ್ದರೆ ಈ ಕೂಸಿನ ಎದೆಯನ್ನು ಯಾರೂ ಸರಿಯಾಗಿ ನೋಡದೇ ಹೋಗಬಹುದು. ಹಿಂದಿನ ಕೋಣೆಯ ನರಳಾಟ ನಡುಮನೆಗೇ ಬಂದಂತಾಯಿತು. ಹೆದರುತ್ತಲೇ ಕಾಮಾಕ್ಷಿ ಮಗಳ ಕೈ ಹಿಡಿದಳು.

"ಬೇಡ. ನಿನಗಿಂತ ಮುಂಚೆ ಒಬ್ಳು ಹುಟ್ಟಿದ್ಲು ಕಣೇ. ಒಂಬತ್ತು ದಿನ ಇದ್ಲು. ಹಾರ್ಟೇ ಸರಿ ಇರ್ಲಿಲ್ಲ."

ಲಾಸ್ಯಾ ಪೆನ್ನು ಕೆಳಗಿಟ್ಟಳು. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನನ್ನೂ ಕರ್ಕೊಂಡು ಹೋಗ್ತಾಳೆ ಅಂತ. ಹೆತ್ತ ಮಗೂಗೇ ಹೆದರ್ಕೊಂಡು ಬದುಕ್ಬಿಟ್ಟೆ ಕಣೇ ನಾನು."

ಲಾಸ್ಯಾ ಎದ್ದು ಕಿಟಕಿಯ ಬಳಿ ಹೋಗಿ, ಅಮ್ಮನಿಗೆ ಬೆನ್ನು ಹಾಕಿ, ಮಿಡ್‌ವೈಫ್‌ಗೆ ಫೋನ್ ಮಾಡಿದಳು. ತನ್ನ ಹೆಸರು ಹೇಳಿದಳು. ಆಮೇಲೆ ಅವಳು ಇಂಗ್ಲಿಷಿನಲ್ಲಿ "ನನ್ನ ಅಕ್ಕ" ಎಂದದ್ದು ಕಾಮಾಕ್ಷಿಗೆ ಸ್ಪಷ್ಟವಾಗಿ ಕೇಳಿಸಿತು.