ಕಿಟಕಿಯಲ್ಲಿದ್ದ ಫೋನು

ಹೋದ ತಿಂಗಳು ಮೈಸೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಎರಡು ನೈಟಿ ತೆಗೆದುಕೊಂಡು ಬಿಲ್ ಹಾಕಿಸಲು ನಿಂತಿದ್ದೆ. ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ತಲೆ ಎತ್ತದೆ, "ಫೋನ್ ನಂಬರ್ ಹೇಳಿ ಆಂಟಿ" ಎಂದಳು. ನನ್ನ ಬಾಯಿ ನನ್ನನ್ನು ಒಂದು ಮಾತೂ ಕೇಳದೆ ಗಡಗಡನೆ ಐದು ಅಂಕಿ ಹೇಳಿ ಸುಮ್ಮನಾಯಿತು. ಹುಡುಗಿ ಕಾದಳು. ನಾನೂ ಕಾದೆ. "ಇನ್ನೂ ಐದು ಬೇಕು ಆಂಟಿ" ಎಂದಳು. ಇನ್ನೈದು ಎಲ್ಲಿಂದ ತರಲಿ? ನಾನು ಹೇಳಿದ್ದು ನಂಜನಗೂಡಿನ ನಮ್ಮ ಮನೆಯ ಹಳೇ ಫೋನಿನ ನಂಬರು. ಆ ಫೋನು ಸತ್ತು ಎಷ್ಟೋ ವರ್ಷವಾಯಿತು. ಈಗಿನ ಮೊಬೈಲ್ ನಂಬರು ಹೇಳಬೇಕಾದರೆ ಕನ್ನಡಕ ಹುಡುಕಿ, ಪರ್ಸಿನೊಳಗಿನ ಚೀಟಿ ತೆಗೆದು, ಒಂದೊಂದೇ ಅಂಕಿ ಓದಬೇಕು. ನನ್ನ ಹಿಂದೆ ನಿಂತಿದ್ದವರು ಅಷ್ಟೊತ್ತಿಗೆ ಪಕ್ಕದ ಸಾಲಿಗೆ ಹೋಗಿಬಿಟ್ಟಿದ್ದರು.

ಆ ಐದಂಕಿಯ ನಂಬರಿಗೆ ಒಂದು ಬಾಲ ಇತ್ತು, ಪಿ.ಪಿ. ಅಂತ. ನಿಮಗೆ ನನ್ನ ವಯಸ್ಸಾಗಿದ್ದರೆ ಗೊತ್ತಿರುತ್ತದೆ. ಫೋನಿಲ್ಲದವರು ಫೋನಿದ್ದ ನೆರೆಯವರ ನಂಬರು ಕೊಟ್ಟು, ಮುಂದೆ ಪಿ.ಪಿ. ಎಂದು ಬರೆಯುತ್ತಿದ್ದರು. ಮದುವೆ ಕಾಗದದಲ್ಲಿ, ಕೆಲಸದ ಅರ್ಜಿಯಲ್ಲಿ, ಬಾವಿ ತೋಡುವವನ ಬೋರ್ಡಿನಲ್ಲಿ, ಎಲ್ಲ ಕಡೆ ನಮ್ಮದೇ ನಂಬರು. ನಮ್ಮನ್ನು ಯಾರೂ ಕೇಳಿ ಬರೆಯುತ್ತಿರಲಿಲ್ಲ. ಕೇಳುವುದು ಏನಿದೆ? ಬೀದಿಯಲ್ಲಿ ಒಂದು ಫೋನು ಅಂದರೆ ಬೀದಿಯ ನಲ್ಲಿ ಇದ್ದ ಹಾಗೆ.

ಆ ಫೋನು ಬಂದದ್ದು ತೊಂಬತ್ತರ ದಶಕದ ನಡುವೆ. ನಮ್ಮ ಯಜಮಾನರದು ಬೆಲ್ಲದ ಮಂಡಿ. ಹುಲ್ಲಹಳ್ಳಿ ಕಡೆಯ ಆಲೆಮನೆಗಳಿಗೆ ದಿನಾ ಓಡಾಡಿ ಸಾಕಾಗಿ ಫೋನಿಗೆ ಅರ್ಜಿ ಹಾಕಿದ್ದರು. ಅರ್ಜಿ ಹಾಕಿದಾಗ ನನಗಿನ್ನೂ ಮದುವೆಯಾಗಿರಲಿಲ್ಲ. ಫೋನು ಬಂದಾಗ ಮಗಳು ಶಾಲೆಗೆ ಹೋಗುತ್ತಿದ್ದಳು. ಬೆರಳಿಟ್ಟು ತಿರುಗಿಸುವ ಕರೀ ಫೋನು. ಬಂದ ದಿನವೇ ನಮ್ಮತ್ತೆ ಅದನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಅದಕ್ಕೊಂದು ಕಸೂತಿ ಬಟ್ಟೆ ಹೊದಿಸಿದರು. ಡಯಲ್ಲಿಗೆ ಒಂದು ಪುಟಾಣಿ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಫೋನು ಬಂದರೆ ಕಪಿಲಾ ನದಿಯ ಆಚೆ ದಡದಲ್ಲಿ ನಿಂತವರನ್ನು ಕೂಗುವ ಹಾಗೆ "ಯಾರಪ್ಪಾ ಅದೂ?" ಎನ್ನುತ್ತಿದ್ದರು. ನಮ್ಮಮ್ಮ ಮೂಗೂರಿನಿಂದ ಟಿ. ನರಸೀಪುರಕ್ಕೆ ಬಸ್ಸಿನಲ್ಲಿ ಬಂದು, ಬೂತಿನಲ್ಲಿ ಸಾಲು ನಿಂತು ಫೋನು ಮಾಡಿದರೆ, ಆ ಕೂಗಿಗೇ ಬೆದರಿ ಅರ್ಧ ಮಾತು ಮರೆಯುತ್ತಿದ್ದಳು. ಮಿಕ್ಕರ್ಧ ಹೇಳುವುದರೊಳಗೆ ಬೂತಿನ ಮೀಟರು ನೋಡಿ ಇಟ್ಟುಬಿಡುತ್ತಿದ್ದಳು. ಚೆನ್ನಾಗಿದ್ದಾಳೆ ಎನ್ನುವುದಷ್ಟೇ ನನಗೆ ಗೊತ್ತಾಗುತ್ತಿತ್ತು, ಅಷ್ಟು ಸಾಕಿತ್ತು.

ಇನ್ನೊಂದು ಮಾತು ಹೇಳಬೇಕು. ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ಫೋನನ್ನು ಇಟ್ಟಿದ್ದು ನಡುಮನೆಯ ಕಿಟಕಿಯ ಕಟ್ಟೆಯ ಮೇಲೆ. ಬೀದಿಯ ಹೆಂಗಸರು ಫೋನು ಬಂದರೆ ಒಳಗೆ ಬಂದು ಕುರ್ಚಿಯಲ್ಲಿ ಕೂತು ಮಾತಾಡುತ್ತಿದ್ದರು, ಕಾಫಿ ಕುಡಿದು ಹೋಗುತ್ತಿದ್ದರು. ಹಿಂದಿನ ಬೀದಿಯ ಸಿದ್ದಯ್ಯನ ಮನೆಯವರಿಗೆ ಫೋನು ಬಂದರೆ ಮಾತ್ರ ಅವರು ಜಗಲಿಯ ಮೇಲೆ ನಿಲ್ಲುತ್ತಿದ್ದರು, ನಾವು ಸರಳುಗಳ ನಡುವೆ ರಿಸೀವರ್ ಕೊಡುತ್ತಿದ್ದೆವು. ಸಿದ್ದಯ್ಯ ದೇವನೂರಿನಿಂದ ಬಂದವನು, ನಮ್ಮ ಮಂಡಿಯಲ್ಲೇ ಬೆಲ್ಲದ ಪಿಂಡಿ ಹೊರುತ್ತಿದ್ದ. ಹೀಗೇ ಮಾಡಬೇಕು ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಯಾಕೆ ಎಂದು ನಾನೂ ಕೇಳಲಿಲ್ಲ. ಗೊತ್ತಿದ್ದದ್ದನ್ನು ಕೇಳುವುದು ಹೇಗೆ?

ಸಿದ್ದಯ್ಯನ ಮಗಳು ರತ್ನ. ಸಣ್ಣ ಮೈಯ, ಚುರುಕು ಮಾತಿನ ಹುಡುಗಿ. ಟಿ.ಸಿ.ಎಚ್. ಮುಗಿಸಿ ಮೂರು ವರ್ಷದಿಂದ ಮೇಷ್ಟ್ರ ಕೆಲಸಕ್ಕೆ ಕಾಯುತ್ತಿದ್ದಳು. ಅರ್ಜಿಯಲ್ಲಿ ನಮ್ಮ ನಂಬರು ಬರೆದಿದ್ದಳು. ಅಷ್ಟೊತ್ತಿಗೆ ಸಿದ್ದಯ್ಯನ ಬೆನ್ನು ಕೆಟ್ಟಿತ್ತು, ಪಿಂಡಿ ಎತ್ತಿದರೆ ಮುಖ ಕಿವುಚುತ್ತಿದ್ದ. ಆ ಕೆಲಸವೊಂದು ಸಿಕ್ಕರೆ ಅವನು ಮನೆಯಲ್ಲಿ ಕೂರಬಹುದಿತ್ತು.

ಒಂದು ಸಂಜೆ ಅತ್ತೆ ಮಠಕ್ಕೆ ಹೋಗಿದ್ದರು. ಫೋನು ಬಂತು. "ಅಕ್ಕಾರೇ, ನಾನು ರತ್ನನ ಸ್ವಾದರಮಾವ ಕಣ್ರೀ, ನರಸೀಪುರದಿಂದ. ಮೈಸೂರಲ್ಲಿ ಲಿಸ್ಟ್ ಅಂಟ್ಸವ್ರೆ, ನಮ್ಮುಡುಗಿ ಎಸ್ರು ಬಂದದೆ! ನಾಳೀಕೆ ಅತ್ತು ಗಂಟ್ಗೆ ಕೌನ್ಸೆಲಿಂಗು. ಓಗ್ದಿದ್ರೆ ಮುಂದಿನೋರ್ನ ಕರ್ದುಬುಡ್ತರಂತೆ. ಬರ್ಕೊಳಿ ಅಕ್ಕಾರೇ, ಅಡ್ರೆಸ್ಸು, ಆಪೀಸ್ ಪೋನ್ ನಂಬ್ರು ಎಲ್ಲಾ ಯೋಳ್ತೀನಿ." ಕೈಗೆ ಸಿಕ್ಕಿದ್ದು ಗೋಡೆಯ ಕ್ಯಾಲೆಂಡರು, ದಿನಕ್ಕೊಂದು ಹಾಳೆ ಹರಿಯುವಂಥದ್ದು. ಆ ದಿನದ ಹಾಳೆಯ ಮೇಲೇ ಎಲ್ಲವನ್ನೂ ಗೀಚಿದೆ. ಈಗಲೇ ಹೋಗಿ ಹೇಳಿಬರೋಣ ಎಂದು ಚಪ್ಪಲಿಗೆ ಕಾಲು ಹಾಕಿದ್ದೆ ಕೂಡ.

ಅಷ್ಟರಲ್ಲಿ ಧಾರಾವಾಹಿ ಶುರುವಾಯಿತು.

ನಗಬೇಡಿ. ನಮ್ಮ ಬೀದಿಗೆ ಕೇಬಲ್ ಬಂದು ಆರು ತಿಂಗಳಾಗಿತ್ತು ಅಷ್ಟೇ. ಅದಕ್ಕೆ ಮುಂಚೆ ಆಂಟೆನಾ ತಿರುಗಿಸಿ ತಿರುಗಿಸಿ ಚುಕ್ಕಿಗಳ ನಡುವೆ ಮುಖ ಹುಡುಕುತ್ತಿದ್ದವರು ನಾವು. ಆ ಧಾರಾವಾಹಿಯಲ್ಲಿ ಚಿಕ್ಕಂದಿನಲ್ಲೇ ತಂದೆಯಿಂದ ಬೇರಾದ ಒಬ್ಬ ಬಡ ಹುಡುಗಿ ಇದ್ದಳು. ಅವಳ ಪರೀಕ್ಷೆಯ ಕಾಗದವನ್ನು ಚಿಕ್ಕಮ್ಮ ಬಚ್ಚಿಟ್ಟಿದ್ದಳು, ಆವತ್ತು ಅದು ಬಯಲಾಗಬೇಕಿತ್ತು. ಅರ್ಧ ಗಂಟೆ ತಾನೇ, ಮುಗಿದ ಮೇಲೆ ಹೋದರಾಯಿತು ಎಂದು ಕೂತೆ. ದೀಪ ಆರಿಸಿದೆ, ಸಿನಿಮಾ ಟಾಕೀಸಿನ ಹಾಗಿರಲಿ ಅಂತ. ಆ ಹುಡುಗಿಗಾಗಿ ಚೆನ್ನಾಗಿ ಅತ್ತೆ. ಅತ್ತು ಎದ್ದಾಗ ಸಾರು ಸೀಯುತ್ತಿತ್ತು, ಅತ್ತೆ ಬಂದರು, ಮಗಳು ಊಟಕ್ಕೆ ಹಟ ಮಾಡಿದಳು. ಹಿಂದಿನ ಬೀದಿಯ ನಿಜವಾದ ಹುಡುಗಿ ನನ್ನ ತಲೆಯಿಂದ ಪೂರ್ತಿ ಹೋಗಿಬಿಟ್ಟಿದ್ದಳು.

ಬೆಳಗ್ಗೆ ಒಂಬತ್ತು ಗಂಟೆಗೆ ಯಾವುದೋ ತಿಥಿ ನೋಡಲು ಕ್ಯಾಲೆಂಡರಿನ ಮುಂದೆ ನಿಂತೆ. ಹೊಸ ದಿನ, ಹೊಸ ಹಾಳೆ, ಬೆಳ್ಳಗೆ ನನ್ನನ್ನೇ ನೋಡುತ್ತಿತ್ತು. ಆಗ ನೆನಪಾಯಿತು, ರತ್ನನ ಸುದ್ದಿ. ಅತ್ತೆ ದಿನಾ ಎದ್ದೊಡನೆ ಹಿಂದಿನ ಹಾಳೆ ಹರಿಯುತ್ತಿದ್ದರು, ಅದರಲ್ಲಿ ವಿಭೂತಿ ಪೊಟ್ಟಣ ಕಟ್ಟಿ ಬಂದವರಿಗೆ ಕೊಡುತ್ತಿದ್ದರು. "ಅತ್ತೆ, ನೆನ್ನೆ ಹಾಳೆ ಎಲ್ಲಿ?" ಎಂದೆ. ನನ್ನ ದನಿ ಕೇಳಿಯೇ ಅವರಿಗೆ ಏನೋ ಆಗಿದೆ ಎಂದು ಗೊತ್ತಾಯಿತು. ಅಳುತ್ತಾ ಹೇಳಿದೆ. ಧಾರಾವಾಹಿ ಎನ್ನಲು ಬಾಯಿ ಬರಲಿಲ್ಲ. ತಲೆನೋವು ಬಂದು ಮಲಗಿಬಿಟ್ಟೆ ಎಂದೆ.

"ಅಯ್ಯೋ ಪಾಪಿಮುಂಡೇದೇ! ನಿಂತ್ಕೊಂಡು ಅಳ್ತೀಯಲ್ಲ, ಓಗಿ ಆ ಮಗೀನ ಕರ್ಕೊಂಡ್ ಬಾ" ಎಂದು ಅತ್ತೆ ದೇವರಮನೆಗೆ ನುಗ್ಗಿದರು.

ನಾನು ಹಿಂದಿನ ಬೀದಿಗೆ ಓಡಿದೆ. ಆ ಮನೆಗೆ ಹೋದದ್ದು ಅದೇ ಮೊದಲು. ಅದುವರೆಗೆ ಮೂಲೆಯಲ್ಲಿ ನಿಂತು ಕೂಗಿ ಬರುತ್ತಿದ್ದೆ ಅಷ್ಟೇ. ಗೋಡೆಯಲ್ಲಿ ಬುದ್ಧನ ಪಟ, ಕೆಳಗೆ ಟ್ರಂಕು, ಟ್ರಂಕಿನ ಮೇಲೆ ಮಡಿಸಿಟ್ಟ ಬಟ್ಟೆ. ರತ್ನ ಮುಸುರೆ ಕೈಯಲ್ಲೇ ಎದ್ದುಬಂದಳು. ನಾನು ಹೇಳಿದ್ದು ಕೇಳಿ ಅವಳ ಮುಖ ಒಂದು ಕ್ಷಣ ಬಿಳುಚಿಕೊಂಡಿತು. ಕೈ ಒರೆಸಿಕೊಂಡು ಟ್ರಂಕು ತೆಗೆದು ಮಾರ್ಕ್ಸ್ ಕಾರ್ಡಿನ ಫೈಲು ಎತ್ತಿಕೊಂಡಳು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ನಾವು ಬರುವಷ್ಟರಲ್ಲಿ ಅತ್ತೆ ಎಂಟೋ ಹತ್ತೋ ಪೊಟ್ಟಣ ಬಿಚ್ಚಿ, ಬೇಕಾದ ಹಾಳೆ ಹುಡುಕಿದ್ದರು. ಬಿಚ್ಚಿದ ವಿಭೂತಿಯನ್ನೆಲ್ಲ ಎಲ್ಲಿ ಹಾಕಬೇಕೋ ತಿಳಿಯದೆ ಹಣೆಗೆ, ಕತ್ತಿಗೆ, ತೋಳಿಗೆ ಬಳಿದುಕೊಂಡು ಸಾಕ್ಷಾತ್ ಶಿವನ ಹಾಗೆ ನಿಂತಿದ್ದರು. ರತ್ನ ಅಭ್ಯಾಸದಂತೆ ಜಗಲಿ ಹತ್ತಿ ಕಿಟಕಿಯ ಹತ್ತಿರ ಹೋದಳು. ಅತ್ತೆ ಸೊಂಟದ ಕೀಲಿಯಿಂದ ಬೀಗ ತೆಗೆದರು. ಸರಳಿನ ಆಚೆ ನಿಂತವಳನ್ನು ನೋಡಿದರು.

"ಅಲ್ಲಿ ನಿಂತ್ಕೊಂಡು ಡಯಲ್ ತಿರುಗ್ಸಾಕಾಯ್ತದಾ? ಒಳೀಕ್ ಬಾ."

ರತ್ನ ಅಲ್ಲಾಡಲಿಲ್ಲ.

"ಬಾರವ್ವಾ ಅಂದ್ರೆ! ಒತ್ತಾಯ್ತದೆ."

ಅವಳು ಬಂದಳು. ಕುರ್ಚಿಯ ಅಂಚಿನಲ್ಲಿ ಕೂತು ನಂಬರು ತಿರುಗಿಸಿದಳು. ಎರಡು ಸಲ ತಪ್ಪಿತು. ಮೂರನೆಯ ಸಲ ಯಾರೋ ಎತ್ತಿದರು. "ಸಾರ್... ಹೌದು ಸಾರ್... ಬತ್ತೀನಿ ಸಾರ್" ಅಷ್ಟೇ ನಮಗೆ ಕೇಳಿದ್ದು. ರ‍್ಯಾಂಕಿನ ಪ್ರಕಾರ ಕರೆಯುತ್ತಾರಂತೆ, ಅವಳ ಸರದಿ ಬರುವುದು ಮಧ್ಯಾಹ್ನವಂತೆ. ಅತ್ತೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ನಂಜುಂಡಪ್ಪಾ, ಉಳಿಸ್ಬುಟ್ಟೆ" ಎಂದು ಕಣ್ಣು ಒರೆಸಿಕೊಂಡರು. ಪ್ರಾಯಶ್ಚಿತ್ತವೆಂದು ನಾನೂ ರತ್ನನ ಜೊತೆ ಮೈಸೂರಿನ ಬಸ್ಸು ಹತ್ತಿದೆ. ಸಂಜೆ ಅವಳು ಆರ್ಡರ್ ಹಿಡಿದುಕೊಂಡೇ ಹಿಂದಿರುಗಿದಳು. ಸಿಕ್ಕಿದ್ದು ನರಸೀಪುರ ತಾಲ್ಲೂಕಿನ ಶಾಲೆ, ನನ್ನ ತವರಿನಿಂದ ಒಂದು ಗಂಟೆಯ ನಡಿಗೆ. ನನಗೆ ಮಾತ್ರ ಮೂರು ದಿನ ಅತ್ತೆ ತಲೆನೋವಿಗೆಂದು ಕಹಿ ಕಷಾಯ ಕುಡಿಸಿದರು. ಮುಖ ಕಿವುಚದೆ ಕುಡಿದೆ.

ಅದಾದ ಮೇಲೆ ಫೋನು ಕಿಟಕಿ ಬಿಟ್ಟು ಒಳಗಿನ ಸ್ಟೂಲಿಗೆ ಬಂತು. ಮರುದಿನವೇ ಏನಲ್ಲ, ಮಳೆಗಾಲದಲ್ಲಿ. ಎರಚಲು ಹೊಡೆಯುತ್ತದೆ ಎಂದು ಅತ್ತೆ ಕಾರಣ ಕೊಟ್ಟರು. ನಾವ್ಯಾರೂ ಚರ್ಚೆ ಮಾಡಲಿಲ್ಲ. ಆಮೇಲಿನ ಹತ್ತು ವರ್ಷ ಹೇಗೆ ಓಡಿತೋ! ಬೂತುಗಳು ಅಣಬೆಯ ಹಾಗೆ ಎದ್ದವು, ಹಾಗೇ ಮಾಯವಾದವು. ಮನೆಮನೆಗೂ ಫೋನು ಬಂತು, ನಮ್ಮ ನಂಬರಿನ ಬಾಲ ಉದುರಿತು. ಮೊಬೈಲು ನಮಗಿಂತ ಮೊದಲು ಕೊಂಡವಳು ರತ್ನ. ಶಾಲೆಗೆ ಹೋಗುವ ದಾರಿಯಲ್ಲಿ ಮೂಗೂರಿಗೆ ಹೋಗಿ, ನಮ್ಮಮ್ಮನ ಕೈಗೆ ಮೊಬೈಲು ಕೊಟ್ಟು, "ಮಾತಾಡಿ ಅಮ್ಮಾ, ಮೀಟರ್ ಇಲ್ಲ" ಎನ್ನುತ್ತಿದ್ದಳು. ನಮ್ಮಮ್ಮ ಆಗ ಮೊದಲ ಸಲ ನನ್ನೊಂದಿಗೆ ಫೋನಿನಲ್ಲಿ ನಕ್ಕಳು. ಆಗ ನಾವೇ ರತ್ನನ ಪಿ.ಪಿ. ಗಿರಾಕಿಗಳು. ಯೋಚಿಸಿದರೆ ಈಗಲೂ ಸಂತೋಷವಾಗುತ್ತದೆ.

ಬಟ್ಟೆ ಅಂಗಡಿಯ ಕತೆ ಹೇಳೋಣವೆಂದು ಮೊನ್ನೆ ಭಾನುವಾರ ನರಸೀಪುರಕ್ಕೆ ಅವಳ ಮನೆಗೆ ಹೋಗಿದ್ದೆ. ಈಗ ಅವಳು ಹೆಡ್ ಮಿಸ್ಟ್ರೆಸ್, ಕೂದಲು ಅರ್ಧ ನರೆತಿದೆ. ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಾಫಿ ಕುಡಿಯುತ್ತಾ ನನಗೆ ಏನನ್ನಿಸಿತೋ, ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ. "ರತ್ನ, ಆವತ್ತು ನನಗೆ ತಲೆನೋವೂ ಇರಲಿಲ್ಲ, ಏನೂ ಇರಲಿಲ್ಲ ಕಣೆ. ಧಾರಾವಾಹಿ ನೋಡ್ತಾ ಮರೆತೆ."

"ಗೊತ್ತು ಅಕ್ಕ" ಎಂದಳು.

"ಹೇಗೆ?"

"ನಾನೂ ಅಲ್ಲೇ ಇದ್ನಲ್ಲ. ನಮ್ಮನೇಲಿ ಟಿವಿ ಎಲ್ಲಿತ್ತು? ದಿನಾ ನಿಮ್ಮ ಜಗಲಿ ಮೇಲೆ ನಿಂತ್ಕೊಂಡು ಕಿಟಕೀಲಿ ನೋಡ್ತಿದ್ದೆ. ನೀವು ದೀಪ ಆರಿಸ್ತಿದ್ರಿ, ನಿಮಗೆ ಕಾಣ್ತಿರಲಿಲ್ಲ. ಆವತ್ತು ನೀವು ಸೆರಗಲ್ಲಿ ಕಣ್ಣೊರೆಸ್ಕೊಂಡು ಅಳ್ತಿದ್ರಿ. ನಾನೂ ಈಚೆ ನಿಂತು ಅಳ್ತಿದ್ದೆ."

ಆ ಕ್ಯಾಲೆಂಡರು ಇದ್ದದ್ದು ಅದೇ ಕಿಟಕಿಯ ಪಕ್ಕದ ಗೋಡೆಯಲ್ಲಿ. ಅವಳ ಕೆಲಸದ ಸುದ್ದಿ ಅವಳಿಂದ ಒಂದು ಮೊಳ ದೂರದಲ್ಲಿ ತೂಗಾಡುತ್ತಿತ್ತು. ನಾನು ಒಂದು ಸಲ ತಿರುಗಿ ನೋಡಿ, ಒಳಗೆ ಬಾರೇ ಎಂದಿದ್ದರೆ ಸಾಕಾಗಿತ್ತು. ನಾಚಿಕೆಯಿಂದ ತಲೆ ತಗ್ಗಿಸಿದೆ. ರತ್ನ ನನ್ನ ಕೈಯಿಂದ ಲೋಟ ತೆಗೆದು ಪಕ್ಕಕ್ಕಿಟ್ಟಳು, ಕೈ ಬಿಡಲಿಲ್ಲ.

"ಅದ್ ಬಿಡಿ ಅಕ್ಕ. ಎರಡೇ ವಾರಕ್ಕೆ ನಾನು ಸ್ಕೂಲಿಗೆ ಹೊಂಟೋದೆ, ಆ ಊರಲ್ಲಿ ಕೇಬಲ್ ಇರಲಿಲ್ಲ. ಇಷ್ಟು ವರ್ಷದಿಂದ ಕೇಳ್ಬೇಕು ಅಂದ್ಕೊಂಡಿದ್ದೀನಿ. ಕೊನೆಗೆ ಆ ಹುಡುಗಿ ಏನಾದ್ಲು? ಅವಳಪ್ಪ ಸಿಕ್ಕಿದ್ನಾ?"

ನನಗೆ ಆ ಹುಡುಗಿಯ ಹೆಸರೂ ನೆನಪಾಗಲಿಲ್ಲ.