ಕಡಗದ ಸಂದಿನಲ್ಲಿ ಎರಡು ಬೆರಳು

ಬೆಳಗಿನ ತಿಂಡಿ ಮುಗಿದ ಮೇಲೆ ನನ್ನ ಪಾಲಿಗೆ ಈಗ ಒಂದು ಪುಟ್ಟ ಬಿಳಿ ಮಾತ್ರೆ ಇದೆ. ಮಾತ್ರೆಯ ಹಾಳೆ ಒತ್ತಿದರೆ ಚಟ್ಟೆಂದು ಅಂಗೈಗೆ ಬೀಳುತ್ತದೆ. ಮೈಯಲ್ಲಿ ನಿಂತ ನೀರನ್ನು ಮೂತ್ರವಾಗಿ ಇಳಿಸುವುದು ಅದರ ಕೆಲಸ. ನಮ್ಮ ಕಡೆ ನೀರಿನ ಮಾತ್ರೆ ಅಂತಲೇ ಕರೆಯುತ್ತಾರೆ. ನುಂಗಿದ ಮೇಲೆ ಎರಡು ಮೂರು ತಾಸು ನನ್ನನ್ನು ಯಾರೂ ಮಾತಿಗೆ ಎಳೆಯಬೇಡಿ, ಬಚ್ಚಲ ಹಾದಿಯಲ್ಲೇ ಸಿಗುತ್ತೇನೆ. ಆ ಚಟ್ ಸದ್ದಿಗೆ ನನಗೆ ನೆನಪಾಗುವುದು ಕಾಯಿಲೆಯಲ್ಲ, ತಮ್ಮನ ಹೆಂಡತಿ ರತ್ನ.

ನೇರವಾಗಿ ಹೇಳಿಬಿಡುತ್ತೇನೆ, ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವ್ವ ಜವನಗೊಂಡನಹಳ್ಳಿಯಲ್ಲಿ ಅವಳ ಜೊತೆ ಇದ್ದಳು. ಹೃದಯದ ಬಲ ಕುಂದಿ ಕಾಲು ಊದುತ್ತಿದ್ದರಿಂದ ಅವ್ವನಿಗೂ ಇದೇ ಮಾತ್ರೆ. ಕಾಲಲ್ಲಿ ತಿರುಪಿನ ಬೆಳ್ಳಿ ಕಡಗ. ದಿನಾ ಬೆಳಿಗ್ಗೆ ರತ್ನ ಅವ್ವನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕಡಗದ ಸಂದಿಗೆ ಬೆರಳು ತೂರಿಸುತ್ತಿದ್ದಳು. ಎರಡು ಬೆರಳು ಹೋದರೆ ಸರಿ. ಒಂದೇ ಹೋದರೆ ಊತ ಏರಿದೆ ಅಂತ ಹಿರಿಯೂರಿನ ಡಾಕ್ಟರಿಗೆ ಫೋನು. ನಾನು ಬೆರಳು ಹಾಕಲು ಹೋದರೆ ಅವ್ವ ಕಾಲು ಎಳೆದುಕೊಳ್ಳುತ್ತಿದ್ದಳು.

"ನಿಂಗೆ ತಿಳಿಯಲ್ಲ ಬಿಡೇ. ರತ್ನ ಬರ್ತಾಳೆ."

ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳಿಗೆ ಈ ಮಾತು.

ಒಂದು ಬೇಸಿಗೆ ಹಟ ಹಿಡಿದು ಅವ್ವನನ್ನು ದುರ್ಗದ ನಮ್ಮ ಮನೆಗೆ ಕರೆತಂದೆ. ವಾರದ ಏಳು ದಿನಕ್ಕೆ ಏಳು ಖಾನೆಯ ಮಾತ್ರೆ ಡಬ್ಬಿ ಕೊಂಡೆ. ಮಾತ್ರೆ ಕೊಟ್ಟ ತಕ್ಷಣ ಖಾಲಿ ಖಾನೆಯ ಫೋಟೊ ತೆಗೆದು ರತ್ನಳಿಗೆ ಕಳಿಸುತ್ತಿದ್ದೆ. ಎಂಥ ಸಣ್ಣತನ ನೋಡಿ. ನಾಲ್ಕನೆಯ ದಿನ ಅವ್ವನಿಗೆ ಭೇದಿ ಶುರುವಾಯಿತು. ಬಂಡೆ ಕಾದ ಬಿಸಿಲು ಬೇರೆ. ಮಾತ್ರೆ ತಪ್ಪಿಸಲಿಲ್ಲ, ಫೋಟೊ ಕೂಡ ತಪ್ಪಿಸಲಿಲ್ಲ. ಭೇದಿಯ ಸುದ್ದಿಯನ್ನು ಮಾತ್ರ ರತ್ನಳಿಗೂ ತಿಳಿಸಲಿಲ್ಲ, ಡಾಕ್ಟರಿಗೂ ತಿಳಿಸಲಿಲ್ಲ. ಭೇದಿ ಶುರುವಾದ ಮೂರನೆಯ ಬೆಳಿಗ್ಗೆ ಮಂಚದಿಂದ ಎದ್ದ ಅವ್ವ ಕಣ್ಣಿಗೆ ಕತ್ತಲೆ ಬಂದು ಕುಸಿದಳು. ನಾಲಿಗೆ ಒಣಗಿತ್ತು, ಮೀನಖಂಡ ಹಿಡಿದುಕೊಂಡಿತ್ತು.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಮೈಯ ನೀರೂ ಉಪ್ಪೂ ತೀರಾ ಇಳಿದಿವೆ, ಇನ್ನೊಂದು ದಿನ ಕಳೆದಿದ್ದರೆ ಮೂತ್ರಪಿಂಡಕ್ಕೆ ಕುತ್ತು ಎಂದರು. ರತ್ನ ಸಿಕ್ಕ ಬಸ್ಸಿಗೆ ಓಡಿ ಬಂದಳು. ಕಡಗದ ಸಂದಿಗೆ ಬೆರಳಿಟ್ಟಳು. ಮೂರು ಹೋದವು.

"ಅಕ್ಕಾ, ಭೇದಿ ಆಗ್ತಾ ಐತೆ ಅಂದ್ಮೇಲೆ ಡಾಕ್ಟ್ರನ್ನ ಒಂದ್ ಮಾತು ಕೇಳ್ದೆ ನೀರಿನ ಮಾತ್ರೆ ಯಾಕೆ ಕೊಟ್ರಿ?"

"ಡಬ್ಬೀಲಿ ಇತ್ತಲ್ಲ" ಅಂದೆ.

ಅವ್ವ ಉಳಿದಳು, ರತ್ನಳ ಜೊತೆಗೇ ಹೊರಟಳು. ಎರಡು ವರ್ಷದ ಮೇಲೆ ತೀರಿಕೊಂಡಾಗ, ಕಡಗ ರತ್ನಳಿಗೆ ಎಂದು ಹೇಳಿ ಹೋಗಿದ್ದಳು. ಮಗಳು ನಾನು. ಒಳಗೊಳಗೇ ಬೆಂದೆ.

ಹೋದ ವಾರ ರತ್ನ ಬಂದಿದ್ದಳು. ನನ್ನ ಕಾಲಿನ ಊತದ ಸುದ್ದಿ ಫೋನಿನಲ್ಲಿ ಕೇಳಿದ್ದಳು. ಚೀಲದಿಂದ ಅವ್ವನ ಕಡಗ ತೆಗೆದು, ತಿರುಪು ಬಿಚ್ಚಿ, ನನ್ನ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡು ತೊಡಿಸಿದಳು.

"ಒಂದೇ ಬೆರಳು ಹೋಗ್ತೈತೆ ಅಕ್ಕ. ಇದು ನಿಮ್ ಕಾಲಾಗೇ ಇರ್ಲಿ. ದಿನಾ ಬೆಳಿಗ್ಗೆ ನೀವೇ ನೋಡ್ಕಳ್ರಿ."

ಅಷ್ಟು ವರ್ಷ ಬಯಸಿದ ಕಡಗ ಕೊನೆಗೂ ನನ್ನ ಕಾಲಿಗೆ ಬಂತು. ಹೊಟ್ಟೆಕಿಚ್ಚು ಆರಿತೇ ಎಂದು ಕೇಳುತ್ತೀರಿ. ಇಲ್ಲ, ಈಗ ಅದು ಅವ್ವನ ಮೇಲೆ. ಅವಳಿಗೆ ರತ್ನಳ ಆ ತೊಡೆ ದಿನವೂ ಸಿಗುತ್ತಿತ್ತು.

ಇವತ್ತು ಬೆಳಿಗ್ಗೆ ಬೆರಳು ತೂರಿಸಿ ನೋಡಿದೆ. ಸಲೀಸಾಗಿ ಎರಡು ಹೋದವು. ಫೋನು ತೆಗೆದುಕೊಂಡೆ.

"ನಂಗೆ ತಿಳೀತಿಲ್ಲ ರತ್ನ" ಅಂದೆ. "ನೀನೇ ಒಂದ್ಸಲ ಬಂದು ನೋಡು."