ಕಾಲಿಲ್ಲದ ಹಲ್ಲಿ

ಆ ಬೇಸಿಗೆ ಮೆಲ್ಬರ್ನ್‌ನ ಪಶ್ಚಿಮ ಅಂಚಿನ ಹುಲ್ಲುಗಾವಲಿನ ಸಂರಕ್ಷಣಾ ತಂಡದಲ್ಲಿ ನಾನು ಇಂಟರ್ನ್. ಹಲ್ಲಿಗಳು ಬಂದು ಅಡಗಲೆಂದು ಹುಲ್ಲಿನ ನಡುವೆ ಹಾಸಿಟ್ಟ ಹೆಂಚುಗಳನ್ನು ಎತ್ತಿ, ಅಡಿಯಲ್ಲಿ ಕಾಲಿಲ್ಲದ ಹಲ್ಲಿ ಎಂಬ ಅಪರೂಪದ ಜೀವಿ ಇದೆಯೇ ಎಂದು ನೋಡುವುದು ಕೆಲಸ. ಮಾಸ್ಟರ್ಸ್ ಓದಿದ್ದು ಸಾರ್ಥಕವಾಯಿತು.

ಒಂದು ದಿನ ಹಲ್ಲಿಯೊಂದು ಕೈಗೆ ಸಿಕ್ಕಿತು. ಬೇಲಿಯಾಚೆಯ ಹೊಸ ಮನೆಯಿಂದ ಹೆಂಗಸೊಬ್ಬರು ಕಿರುಚಿದರು, ಅದೂ ಕನ್ನಡದಲ್ಲಿ: "ಅಯ್ಯಯ್ಯೋ, ಹಾವು!"

"ಹಾವಲ್ಲ ಆಂಟಿ, ಹಲ್ಲಿ. ಕಾಲಿಲ್ಲ ಅಷ್ಟೇ."

ನನ್ನ ಕನ್ನಡ ಕೇಳಿ ಅವರ ಭಯ ಕನಿಕರಕ್ಕೆ ತಿರುಗಿತು. "ಹಲ್ಲೀನಾ? ಮೊದಲು ಹೋಗಿ ತಲೆಗೆ ನೀರು ಹಾಕ್ಕೋ. ಇಷ್ಟು ದೂರ ಬಂದು ಹುಲ್ಲು ಕಾಯ್ತಿದ್ದೀಯಲ್ಲ, ಮನೇಲಿ ಗೊತ್ತಾ?" ಎಂದರು. ಈ ಹುಲ್ಲನ್ನೆಲ್ಲ ಬೋಳಿಸಿ ಎಂದು ಬೀದಿಯವರೆಲ್ಲ ಸೇರಿ ಕೌನ್ಸಿಲ್‌ಗೆ ಕಂಪ್ಲೇಂಟ್ ಕೊಡುತ್ತಿದ್ದಾರಂತೆ.

ಹಲ್ಲಿಯನ್ನು ಹಿಡಿದುಕೊಂಡೇ ನಾನು ಅಳಿವಿನಂಚು, ಜೀವವೈವಿಧ್ಯ ಎಂದೆಲ್ಲ ಭಾಷಣ ಬಿಗಿದೆ. ಆಂಟಿ ಆಕಳಿಸಿದರು. ಕೊನೆಗೆ ಸೋತು, "ಇವು ಇರೋವರೆಗೂ ಇಲ್ಲಿ ಯಾರೂ ಮನೆ ಕಟ್ಟೋ ಹಾಗಿಲ್ಲ," ಎಂದೆ.

"ನಮ್ಮ ಹಿಂದೆ ಯಾವತ್ತೂ ಮನೆ ಬರಲ್ವಾ?"

"ಬರಲ್ಲ ಆಂಟಿ."

"ಹುಷಾರು ಕಣೇ, ಮೆಲ್ಲಗೆ ಇಡು ಅದನ್ನ!"

ಕಂಪ್ಲೇಂಟ್ ಹೋಗಲಿಲ್ಲ. ಮರುವಾರದ ಹೊತ್ತಿಗೆ ಬೀದಿಗೆ ಬೀದಿಯೇ ಪರಿಸರಪ್ರೇಮಿಯಾಗಿತ್ತು. ಜನಜಾಗೃತಿ ಚೆನ್ನಾಗಿ ಮೂಡಿಸಿದ್ದೀಯ ಎಂದು ಬಾಸ್ ಬೆನ್ನು ತಟ್ಟಿದರು. ನಾನೂ ವಿನಯದಿಂದ ತಲೆ ತಗ್ಗಿಸಿದೆ.